ಆರಾಧನೆ ಮುಗಿದ ಮೇಲೆ ನಾವು ಒಬ್ಬರಿಗೊಬ್ಬರು ಏನು ಮಾತಾಡುತ್ತೇವೆ?

ಶಿರಾ ಗೇಟ್:
ಎಲ್ಲರಿಗೂ ವಂದನೆ. ತುಮಕೂರಿನಿಂದ ಬರೆಯುತ್ತಿದ್ದೇನೆ. ಒಂದು ವಿಷಯ ಬಹಳ ದಿನದಿಂದ ಕೊರೆಯುತ್ತಿದೆ, ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಸಭೆಯಲ್ಲಿ, ಅಂದರೆ ಚರ್ಚ್‌ನಲ್ಲಿ, ಭಾನುವಾರ ಜನ ಕಡಿಮೆ ಇಲ್ಲ. ಹಾಡು ಚೆನ್ನಾಗಿರುತ್ತದೆ, ಪ್ರಸಂಗವೂ ಚೆನ್ನಾಗಿರುತ್ತದೆ. ಮುಗಿದ ಮೇಲೆ ಬಾಗಿಲಲ್ಲಿ ಅಯ್ಯನವರ (ಸಭಾಪಾಲಕರ) ಕೈಕುಲುಕಿ ಹೊರಗೆ ಬರುತ್ತೇವೆ. ಆಮೇಲೆ ಗಂಡಸರೆಲ್ಲ ಬೈಕ್ ಹತ್ತಿರ ನಿಲ್ಲುತ್ತೇವೆ. ಸೈಟ್ ರೇಟು, ಕೊಬ್ಬರಿ ರೇಟು, ಯಾರ ಮಗಳಿಗೆ ಎಲ್ಲಿ ಸಂಬಂಧ ಬಂತು, ಕಮಿಟಿ ಎಲೆಕ್ಷನ್‌ಗೆ ಯಾರು ನಿಲ್ಲುತ್ತಾರೆ. ಇದೆಲ್ಲ ಮಾತಾಡಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಪಕ್ಕ ಪಕ್ಕ ಕೂತವರ ಮನಸ್ಸಿನಲ್ಲಿ ಏನಿದೆ ಅಂತ ನಮಗೆ ಗೊತ್ತಿರುವುದಿಲ್ಲ.

ಕ್ವಯರ್‌ನಲ್ಲಿ ಹಾಡುತ್ತಿದ್ದ ಒಬ್ಬರು ಬರುವುದು ನಿಂತಿತು. ಅಂಗಡಿ ಮೇಲೆ ಸಾಲ, ಮೀಟರ್ ಬಡ್ಡಿ, ಮನೆಯಲ್ಲಿ ಗಲಾಟೆ. ಇದೆಲ್ಲ ಸಭೆಗೆ ಗೊತ್ತಾದದ್ದು ಅವರು ಅಂಗಡಿ ಮುಚ್ಚಿ ಸಂಸಾರ ಸಮೇತ ಊರು ಬಿಟ್ಟ ಮೇಲೆ. ಯಾರಿಗೂ ಅವರ ಮೇಲೆ ಕೋಪ ಇರಲಿಲ್ಲ. ಎಲ್ಲರಿಗೂ ಇಷ್ಟದ ಮನುಷ್ಯ. ಆದರೂ ಅವರ ಮನಸ್ಸಿನ ಮಾತು ಕೇಳಿದವರು ಒಬ್ಬರೂ ಇರಲಿಲ್ಲ.

ಇಬ್ರಿಯ 10:25 ಓದಿ 'ಸಭೆಗೆ ಬರುವುದನ್ನು ಬಿಡಬೇಡಿ' ಅಂತ ಹೇಳುತ್ತೇವೆ. ಅದರ ಹಿಂದಿನ ವಚನದಲ್ಲೇ ಒಬ್ಬರನ್ನೊಬ್ಬರು ಪ್ರೀತಿಗೂ ಒಳ್ಳೆಯ ಕೆಲಸಕ್ಕೂ ಹುರಿದುಂಬಿಸುವ ಮಾತಿದೆ. ಕೂಡಿ ಬರುವುದೇ ಅದಕ್ಕೆ, ಅಲ್ವಾ? ನಿಮ್ಮ ಸಭೆಗಳಲ್ಲಿ ಇದು ಹೇಗೆ ನಡೆಯುತ್ತದೆ? ಮಾತು ಎಲ್ಲಿಂದ ಶುರು ಮಾಡುತ್ತೀರಿ?

ನೇರ ಮಾತು:
ಇದು ಅಯ್ಯನವರ ಕೆಲಸ ಬ್ರದರ್. ಮನೆ ಭೇಟಿ ಮಾಡಬೇಕಾದವರು ಅವರು. ಕುರಿ ಎಲ್ಲಿ ಹೋಯಿತು ಅಂತ ಕುರುಬ ನೋಡಬೇಕು, ಪಕ್ಕದ ಕುರಿ ಅಲ್ಲ.

ಚಿಂತಾಮಣಿ ಟೀಚರ್:
ಒಪ್ಪುವುದಿಲ್ಲ ಸರ್. ನಮ್ಮ ಕಡೆ ಒಬ್ಬರೇ ಸಭಾಪಾಲಕರಿಗೆ ಟೌನ್ ಸಭೆ ಜೊತೆ ಸುತ್ತಲಿನ ಹಳ್ಳಿ ಸಭೆಗಳೂ ಇರುತ್ತವೆ. ಮದುವೆ, ಮಣ್ಣು, ಆಸ್ಪತ್ರೆ, ಕಮಿಟಿ ಮೀಟಿಂಗ್ ಎಲ್ಲ ಅವರ ತಲೆ ಮೇಲೆ. ಪ್ರತಿ ಮನೆಯ ಒಳಗಿನ ವಿಷಯ ಅವರೊಬ್ಬರೇ ತಿಳಿಯಲು ಆಗುವುದಿಲ್ಲ.

ಇನ್ನೊಂದು ಮಾತು. 1 ಥೆಸಲೋನಿಕ 5:11ರಲ್ಲಿ ಒಬ್ಬರಿಗೊಬ್ಬರು ಧೈರ್ಯ ಹೇಳಿ ಅಂತ ಪೌಲ ಬರೆದದ್ದು ಇಡೀ ಸಭೆಗೆ. ಮುಖ್ಯಸ್ಥರ ವಿಷಯ ಅದರ ಮುಂದಿನ ವಚನದಲ್ಲಿ ಬೇರೆಯಾಗಿ ಬರುತ್ತದೆ. 14ನೇ ವಚನವನ್ನೂ ನೋಡಿ. ಅಡ್ಡದಾರಿ ಹಿಡಿದವನಿಗೆ ಬುದ್ಧಿ ಹೇಳಿ, ಮನಸ್ಸು ಕುಗ್ಗಿದವನಿಗೆ ಧೈರ್ಯ ಹೇಳಿ, ಬಲ ಇಲ್ಲದವನಿಗೆ ಆಸರೆಯಾಗಿ ಅನ್ನುತ್ತಾನೆ. ಮೂರು ತರಹದ ಜನ, ಮೂರು ತರಹದ ಮಾತು. ಯಾರು ಯಾವ ಸ್ಥಿತಿಯಲ್ಲಿದ್ದಾರೆ ಅಂತ ತಿಳಿಯದೆ ಇದು ಹೇಗೆ ಸಾಧ್ಯ? ಹತ್ತಿರದಿಂದ ನೋಡುವವರೇ ಮಾಡಬೇಕು.

ಮಾರಿಕುಪ್ಪಂ ಲೋಕಲ್:
ಕೆಜಿಎಫ್‌ನಿಂದ ನಾನು. ನಮ್ಮಲ್ಲಿ ಇದು ನಡೆಯುವುದು ಟ್ರೇನ್‌ನಲ್ಲಿ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಊರಿನ ಎಷ್ಟೋ ಜನ ಬೆಂಗಳೂರಿಗೆ ಓಡಾಡಿಕೊಂಡೇ ಬದುಕುತ್ತಿದ್ದಾರೆ. ಬೆಳಗಿನ ಜಾವ ಹತ್ತಿದರೆ ರಾತ್ರಿಗೆ ಮನೆ. ವಾರದ ಕೂಟಕ್ಕೆ ಬರಲು ಟೈಮ್ ಎಲ್ಲಿದೆ?

ನಾವು ಒಂದಷ್ಟು ಜನ ಒಂದೇ ಬೋಗಿ ಹತ್ತುತ್ತೇವೆ. ಒಬ್ಬರು ಸಿಎಸ್‌ಐ (ದಕ್ಷಿಣ ಭಾರತ ಸಭೆ), ಒಬ್ಬರು ಕ್ಯಾಥೊಲಿಕ್, ಇಬ್ಬರು ಪೆಂಟೆಕೊಸ್ಟ್. ತಮಿಳು, ಕನ್ನಡ, ತೆಲುಗು ಮೂರೂ ನಡೆಯುತ್ತದೆ. ಹಾಡು ಗೀಡು ಏನೂ ಇಲ್ಲ, ಬೇರೆ ಪ್ಯಾಸೆಂಜರ್‌ಗೆ ತೊಂದರೆ ಕೊಡಬಾರದು. ಸುಮ್ನೆ ಮಾತು. ಬಂಗಾರಪೇಟೆ ದಾಟುವ ಹೊತ್ತಿಗೆ ಯಾರ ಮುಖ ಸಪ್ಪಗಿದೆ ಅಂತ ಗೊತ್ತಾಗಿಬಿಡುತ್ತದೆ. ಒಬ್ಬರು ಎರಡು ದಿನ ಕಾಣದಿದ್ದರೆ ಮೂರನೇ ದಿನ ಫೋನ್ ಹೋಗುತ್ತದೆ. ಕೆಲಸ ಹೋದವನಿಗೆ ಬೇರೆ ಕಂಪನಿಯಲ್ಲಿ ಹೇಳಿ ಕೆಲಸ ಕೊಡಿಸಿದ್ದೂ ಈ ಬೋಗಿಯಲ್ಲೇ.

ಶಿರಾ ಗೇಟ್:
@ಮಾರಿಕುಪ್ಪಂ ಲೋಕಲ್, ಇದನ್ನು ಓದಿ ತುಂಬ ಖುಷಿಯಾಯಿತು. ತುಮಕೂರಿನಿಂದಲೂ ದಿನಾ ಬೆಂಗಳೂರಿಗೆ ಟ್ರೇನ್‌ನಲ್ಲಿ ಹೋಗುವವರು ನಮ್ಮ ಸಭೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಟ್ಟಿಗೆ ಹತ್ತುತ್ತಾರಾ ಅಂತ ವಿಚಾರಿಸುತ್ತೇನೆ.

ತಿಪಟೂರು ಕಾಯಿ:
ಒಟ್ಟಿಗೆ ಹತ್ತಿದರೂ ಎಲ್ಲರ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ಅದು ಮೊದಲು ತೆಗೆಯಬೇಕು.

ಬಂಗಾರಪೇಟೆ ಅಮ್ಮ:
ಎಲ್ಲರೂ ಮಾತಾಡಿ ಮಾತಾಡಿ ಅನ್ನುತ್ತಿದ್ದೀರಿ. ಮಾತಾಡಿದ ಮೇಲೆ ಏನಾಗುತ್ತದೆ ಅಂತಲೂ ಕೇಳಿ.

ನನ್ನ ಮಗಳಿಗೆ ಗೊತ್ತಾಗಿದ್ದ ಮದುವೆ ಮುರಿಯಿತು. ಸ್ತ್ರೀಯರ ಕೂಟದಲ್ಲಿ ಪ್ರಾರ್ಥನೆಗೆ ಅಂತ ಹೇಳಿದೆ, ಕಣ್ಣೀರು ಹಾಕಿಕೊಂಡು ಹೇಳಿದೆ. ಮುಂದಿನ ಭಾನುವಾರ ನನ್ನ ಜೊತೆ ಯಾವತ್ತೂ ಮಾತಾಡದವರು ಬಂದು 'ಹುಡುಗನ ಕಡೆಯವರು ಎಷ್ಟು ಕೇಳಿದ್ರಂತೆ?' ಅಂದರು. ನನ್ನ ಮಗಳು ಅಲ್ಲೇ ನಿಂತಿದ್ದಳು. ಪ್ರಾರ್ಥನೆ ಹೆಸರಿನಲ್ಲಿ ಚಾಡಿ ಓಡಾಡುತ್ತದೆ. ಆಮೇಲೆ ಕೂಟದಲ್ಲಿ ನಾನು ಬಾಯಿ ತೆಗೆಯುವುದನ್ನೇ ಬಿಟ್ಟೆ. ಕೇಳಿದರೆ 'ಕರ್ತನ ಕೃಪೆಯಿಂದ ಚೆನ್ನಾಗಿದ್ದೇನೆ' ಅಷ್ಟೇ.

ನನ್ನನ್ನು ಎತ್ತಿ ನಿಲ್ಲಿಸಿದ್ದು ನಮ್ಮ ಸಭೆಯ ಒಬ್ಬ ವಯಸ್ಸಾದ ಅಕ್ಕ. ಅವರು ಒಂದು ಪ್ರಶ್ನೆ ಕೇಳಲಿಲ್ಲ. ಮಧ್ಯಾಹ್ನದ ಹೊತ್ತು ಮನೆಗೆ ಬರುವರು, ನಾನು ಸೊಪ್ಪು ಬಿಡಿಸುತ್ತಿದ್ದರೆ ಜೊತೆಗೆ ಕೂತು ಬಿಡಿಸುವರು. ತಮ್ಮ ಮನೆ ಕಷ್ಟ ತಾವೇ ಹೇಳುವರು. ಮಗಳು ಕಾಲೇಜಿನಿಂದ ಬಂದರೆ ಅವಳ ಓದಿನ ಬಗ್ಗೆ ಮಾತಾಡಿಸುವರು, ಮದುವೆ ವಿಷಯ ಎತ್ತಲೇ ಇಲ್ಲ. ಹೋಗುವಾಗ ನನ್ನ ಕೈ ಹಿಡಿದು ಚಿಕ್ಕ ಪ್ರಾರ್ಥನೆ. ಅವರಿಗೆ ನಾನು ಹೇಳಿದ ಒಂದು ಮಾತೂ ಈ ದಿನದವರೆಗೆ ಹೊರಗೆ ಹೋಗಿಲ್ಲ.

ಚಿಂತಾಮಣಿ ಟೀಚರ್:
ಅಕ್ಕ, ಇದನ್ನು ಹೇಳಿದ್ದಕ್ಕೆ ನಿಮಗೆ ವಂದನೆ. ನಿಮ್ಮ ಮಗಳನ್ನು ನೆನೆದು ಈಗಲೇ ಪ್ರಾರ್ಥನೆ ಮಾಡಿದೆ.

ನೇರ ಮಾತು:
ನಾನು ಹೇಳಲು ಬಂದದ್ದೂ ಇದೇ. ಅದಕ್ಕೇ ಅಯ್ಯನವರಿಗೆ ಬಿಡಿ ಅಂದದ್ದು. ಜನರ ಬಾಯಿಗೆ ಬೀಗ ಇಲ್ಲ.

ಬಂಗಾರಪೇಟೆ ಅಮ್ಮ:
ಇಲ್ಲ ತಮ್ಮಾ, ನಾನು ಹೇಳಿದ್ದು ಅದಲ್ಲ. ಆ ಅಕ್ಕನೂ ಸಭೆಯ ಒಬ್ಬ ಹೆಂಗಸೇ. ಅಯ್ಯನವರ ಹತ್ತಿರ ನಾನು ಅಷ್ಟು ಹೇಳಿಕೊಳ್ಳಲು ಆಗುತ್ತಿತ್ತಾ? ಹೆಂಗಸಿನ ಕಷ್ಟ ಹೆಂಗಸಿಗೆ ಹೇಳಿದ ಹಾಗೆ ಬೇರೆಯವರಿಗೆ ಹೇಳಲು ಆಗುವುದಿಲ್ಲ.

ಗುಬ್ಬಿ ಹಳೇ ಪುಟ:
ಒಂದು ಹಳೆಯ ವಿಷಯ ಹೇಳುತ್ತೇನೆ, ಇಲ್ಲಿಗೆ ಹೊಂದುತ್ತದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಮೆಥೊಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ಕಡೆಯವರಿಗೆ ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ಇತ್ತು. ಅದನ್ನು ತೀರಿಸಲು ಒಬ್ಬೊಬ್ಬರು ವಾರಕ್ಕೆ ಒಂದು ಪೆನ್ನಿ ಕೊಡುವುದು ಅಂತ ಮಾಡಿದರು. ಸುಮಾರು 12 ಜನರಿಗೆ ಒಬ್ಬ ಲೀಡರ್. ಅವನು ವಾರ ವಾರ ಮನೆಗೆ ಹೋಗಿ ದುಡ್ಡು ತರಬೇಕು, ಕೊಡಲಾಗದವರದ್ದು ತಾನೇ ಹಾಕಬೇಕು.

ದುಡ್ಡಿಗೆ ಹೋದವರಿಗೆ ಅಲ್ಲಿನ ನಿಜಸ್ಥಿತಿ ಕಂಡಿತು. ಒಬ್ಬ ಕುಡಿದು ಬಿದ್ದಿದ್ದಾನೆ, ಇನ್ನೊಬ್ಬ ಹೆಂಡತಿ ಜೊತೆ ಜಗಳ ಆಡುತ್ತಿದ್ದಾನೆ. ಇವರು ಬಂದು ವೆಸ್ಲಿಗೆ ಹೇಳಿದರು. ಜನರನ್ನು ನೋಡಿಕೊಳ್ಳಲು ಇಷ್ಟು ದಿನ ಹುಡುಕುತ್ತಿದ್ದ ದಾರಿ ಇದೇ ಅಂತ ಅವನಿಗೆ ಹೊಳೆಯಿತು. ಹಾಗೆ ಶುರುವಾದದ್ದು ಕ್ಲಾಸ್ ಮೀಟಿಂಗ್. ಆಮೇಲೆ ಎಲ್ಲರೂ ಒಂದು ಕಡೆ ಸೇರತೊಡಗಿದರು. ಪ್ರತಿಯೊಬ್ಬರೂ ಆ ವಾರ ತಮ್ಮ ಆತ್ಮ ಹೇಗಿದೆ ಅಂತ ಹೇಳಬೇಕು. ಲೀಡರ್‌ಗಳು ದೊಡ್ಡ ಬೋಧಕರೇನಲ್ಲ, ಸಾಮಾನ್ಯ ಜನ. ಅವರಲ್ಲಿ ಹೆಂಗಸರೂ ಇದ್ದರು.

ನಮ್ಮ ತುಮಕೂರು ಜಿಲ್ಲೆಗೆ ಸುವಾರ್ತೆ ತಂದವರು ಅದೇ ವೆಸ್ಲಿಯನ್ ಮಿಷನ್‌ನವರು. 1830ರ ದಶಕದ ಕೊನೆಗೇ ಗುಬ್ಬಿಯಲ್ಲಿ ಥಾಮಸ್ ಹಾಡ್ಸನ್, ವಿಲಿಯಂ ಆರ್ಥರ್ ಇದ್ದರು. ಮಿಷನ್ ಶಾಲೆ ನೆನಪಿದೆ, ಬಂಗಲೆ ನೆನಪಿದೆ, ಈ ಕ್ಲಾಸ್ ಮೀಟಿಂಗ್ ಒಂದನ್ನು ಮಾತ್ರ ಮರೆತಿದ್ದೇವೆ ಅನ್ನುವುದು ನನ್ನ ನೋವು.

ಶಿಡ್ಲಘಟ್ಟ:
ಚೆನ್ನಾಗಿದೆ ಸರ್. ಇ. ಪಿ. ರೈಸ್ ಕೂಡ ಗುಬ್ಬಿಯವರೇ ಅಲ್ವಾ?

ಗುಬ್ಬಿ ಹಳೇ ಪುಟ:
ಅಲ್ಲ, ಅವರು ನಿಮ್ಮ ಕಡೆಯವರು! ಎಡ್ವರ್ಡ್ ರೈಸ್ ಲಂಡನ್ ಮಿಷನ್‌ನವರು, ಚಿಕ್ಕಬಳ್ಳಾಪುರದಲ್ಲಿ ಸೇವೆ ಮಾಡಿದವರು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು.

ಶಿಡ್ಲಘಟ್ಟ:
ಹೌದಾ! ನಮ್ಮ ಪಕ್ಕದಲ್ಲೇ. ಅಂದರೆ ಲಂಡನ್ ಮಿಷನ್, ವೆಸ್ಲಿಯನ್, ಕೋಲಾರದ ಮೆಥೊಡಿಸ್ಟ್ ಎಲ್ಲ ಸೇರಿ 1947ರಲ್ಲಿ ಸಿಎಸ್‌ಐ ಆಯಿತು.

ನಿವೃತ್ತ ಸಿಸ್ಟರ್:
ಕೋಲಾರದ ಮೆಥೊಡಿಸ್ಟರು ಸೇರಲಿಲ್ಲ ಅಪ್ಪಾ. ಅವರದ್ದು ಅಮೆರಿಕನ್ ಮಿಷನ್. ಸಿಎಸ್‌ಐ ಸೇರಿದ್ದು ಇಂಗ್ಲೆಂಡಿನ ವೆಸ್ಲಿಯನ್ನರು. ಕೋಲಾರದಲ್ಲಿ ಇ.ಟಿ.ಸಿ.ಎಂ. ಆಸ್ಪತ್ರೆ 1910ರಲ್ಲಿ ಶುರುವಾದದ್ದೂ ಅಮೆರಿಕನ್ ಮೆಥೊಡಿಸ್ಟರಿಂದಲೇ.

ನಾನು ನರ್ಸ್ ಆಗಿದ್ದವಳು, ಬೇರೆ ಬೇರೆ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ್ದೇನೆ. ಮೂಲ ವಿಷಯಕ್ಕೆ ಬರುತ್ತೇನೆ. ಧೈರ್ಯ ಹೇಳಲು ಅಂತಲೇ ಬಂದವರು ರೋಗಿಯನ್ನು ಹೇಗೆ ಸುಸ್ತು ಮಾಡಿ ಹೋಗುತ್ತಾರೆ ಅಂತ ವಾರ್ಡಿನಲ್ಲಿ ದಿನಾ ನೋಡಿದ್ದೇನೆ. ಆಪರೇಷನ್ ಆಗಿ ನೋವಿನಲ್ಲಿರುವವರ ಮುಂದೆ ಆರು ಜನ ಸುತ್ತ ನಿಂತು ಗಟ್ಟಿಯಾಗಿ ಹಾಡುತ್ತಾರೆ. 'ನಂಬಿಕೆ ಇದ್ದಿದ್ರೆ ಇಷ್ಟೊತ್ತಿಗೆ ವಾಸಿ ಆಗಬೇಕಿತ್ತು' ಅನ್ನುತ್ತಾರೆ. ಇದೇ ಕಾಯಿಲೆಯಿಂದ ಸತ್ತ ನೆಂಟರ ಕಥೆ ಹೇಳುತ್ತಾರೆ. ಅವರು ಹೋದ ಮೇಲೆ ರೋಗಿ ಗೋಡೆ ಕಡೆ ತಿರುಗಿ ಮಲಗುತ್ತಾರೆ, ಬಿಪಿ ನೋಡಿದರೆ ಏರಿರುತ್ತದೆ.

ಜ್ಞಾನೋಕ್ತಿ 25:20ರಲ್ಲಿ ಇದೇ ಇದೆ. ಮನಸ್ಸು ಭಾರವಾದವನ ಮುಂದೆ ಹಾಡು ಹೇಳುವುದು ಚಳಿಯಲ್ಲಿ ಮೈಮೇಲಿನ ಬಟ್ಟೆ ಕಿತ್ತುಕೊಂಡ ಹಾಗೆ ಅಂತ. ಯೋಬನ ಸ್ನೇಹಿತರನ್ನು ನೋಡಿ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಹಾಳಾಯಿತು.

ಹಾಗಾಗಿ ನಾನು ಹುಡುಗಿಯರಿಗೆ ಹೇಳುತ್ತಿದ್ದೆ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತುಕೊಳ್ಳಿ, ನಿಂತು ಮಾತಾಡಬೇಡಿ. ನಿಂತರೆ ಹೊರಡುವ ಅವಸರ ಇದೆ ಅನಿಸುತ್ತದೆ. ಅವರೇ ಮಾತು ತೆಗೆಯಲಿ. ನೀರು ಬೇಕಾ, ಬೆನ್ನ ಹಿಂದೆ ದಿಂಬು ಇಡಲಾ ಅಂತ ಕೇಳಿ. ಪ್ರಾರ್ಥನೆ ಮಾಡಲಾ ಅಂತ ಕೇಳಿಯೇ ಮಾಡಿ, ಚಿಕ್ಕದಾಗಿ ಮಾಡಿ. ಒಂದು ವಚನ ಸಾಕು, ಇಡೀ ಅಧ್ಯಾಯ ಬೇಡ.

ತಿಪಟೂರು ಕಾಯಿ:
'ನಂಬಿಕೆ ಇದ್ದಿದ್ರೆ' ಅನ್ನುವ ಮಾತು ನಮ್ಮ ಮನೆಯಲ್ಲೂ ಕೇಳಿದ್ದೇವೆ ಸಿಸ್ಟರ್. ಅದನ್ನು ಮರೆಯಲು ಆಗುವುದಿಲ್ಲ.

ನೈಟ್ ಶಿಫ್ಟ್ ವೇಮಗಲ್:
ನಾನು ಇಲ್ಲಿ ಚಿಕ್ಕವನು, ಹೇಳಬಹುದಾ ಗೊತ್ತಿಲ್ಲ. ಊರು ಪಾವಗಡದ ಕಡೆ. ಈಗ ಕೋಲಾರದ ವೇಮಗಲ್ ಹತ್ತಿರ ಫ್ಯಾಕ್ಟರಿಯಲ್ಲಿದ್ದೇನೆ, ರೂಮ್ ಮಾಡಿಕೊಂಡು ನಾಲ್ಕು ಜನ ಇದ್ದೇವೆ. ಶಿಫ್ಟ್ ಪ್ರತಿ ವಾರ ಬದಲಾಗುತ್ತದೆ. ನೈಟ್ ಮುಗಿಸಿ ಭಾನುವಾರ ಬೆಳಗ್ಗೆ ಆರಾಧನೆಗೆ ಹೋದರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಒಂದು ಕಡೆ ಹೋಗಿದ್ದಾಗ ಒಬ್ಬರು ಅಂಕಲ್ ಎಲ್ಲರ ಮುಂದೆ 'ಸಭೆಗೆ ನಿದ್ದೆ ಮಾಡಕ್ಕೆ ಬರ್ತೀಯಾ' ಅಂದರು. ಆಮೇಲೆ ಅಲ್ಲಿಗೆ ಹೋಗಲಿಲ್ಲ.

ವಾಟ್ಸಾಪ್ ಗ್ರೂಪ್‌ಗಳಲ್ಲಿ ಇದ್ದೇನೆ. ದಿನಾ ಬೆಳಗ್ಗೆ ವಚನದ ಫೋಟೊ ಬರುತ್ತದೆ, ಎಲ್ಲರೂ ಆಮೆನ್ ಹಾಕುತ್ತಾರೆ, ನಾನೂ ಹಾಕುತ್ತೇನೆ. ಆದರೆ ಅವರಲ್ಲಿ ಯಾರೂ ನನ್ನನ್ನು ಊಟ ಆಯ್ತಾ ಅಂತ ಕೇಳಿಲ್ಲ.

ಬಂಗಾರಪೇಟೆ ಅಮ್ಮ:
ಮಗಾ, ನೀನು ಎಲ್ಲರಿಗಿಂತ ಮೊದಲು ಹೇಳಬೇಕಾದವನು. ಊಟಕ್ಕೆ ಏನು ಮಾಡ್ತೀರಾ? ಮುದ್ದೆ ಮಾಡಕ್ಕೆ ಬರುತ್ತಾ ನಿಮಗೆ?

ನೈಟ್ ಶಿಫ್ಟ್ ವೇಮಗಲ್:
ಅನ್ನ ಸಾರು ಮಾಡುತ್ತೇವೆ ಅಮ್ಮ. ಮುದ್ದೆ ಗಂಟಾಗುತ್ತದೆ.

ಬಂಗಾರಪೇಟೆ ಅಮ್ಮ:
ನೀರು ಚೆನ್ನಾಗಿ ಕುದ್ದ ಮೇಲೆ ಹಿಟ್ಟು ಹಾಕು, ತಕ್ಷಣ ತಿರುವಬೇಡ. ಹಿಟ್ಟಿನ ಮೇಲೆ ನೀರು ಉಕ್ಕಿ ಬರುವವರೆಗೆ ಬಿಡು. ಆಮೇಲೆ ಉರಿ ಕಡಿಮೆ ಮಾಡಿ ಕೋಲಿನಲ್ಲಿ ಗಟ್ಟಿಯಾಗಿ ತಿರುವು. ಗಂಟಾಗುವುದಿಲ್ಲ.

ಮಾರಿಕುಪ್ಪಂ ಲೋಕಲ್:
@ನೈಟ್ ಶಿಫ್ಟ್, ತಮ್ಮಾ, ವೇಮಗಲ್, ನರಸಾಪುರದ ಫ್ಯಾಕ್ಟರಿಗಳಿಗೆ ನಮ್ಮ ಕೆಜಿಎಫ್ ಹುಡುಗರೂ ಬಹಳ ಬರುತ್ತಾರೆ. ನಿನಗೆ ಮೆಸೇಜ್ ಹಾಕಿದ್ದೇನೆ, ನೋಡು. ಸಂಜೆ ಆರಾಧನೆ ಇರುವ ಸಭೆಗಳೂ ಇವೆ, ನೈಟ್ ವಾರದಲ್ಲಿ ಅಲ್ಲಿಗೆ ಹೋಗಬಹುದು.

ಚಿಂತಾಮಣಿ ಟೀಚರ್:
ವಚನದ ಫೋಟೊ ಕಳಿಸುವುದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಎಲ್ಲರಿಗೂ ಕಳಿಸಿದ್ದು ಯಾರಿಗೂ ಕಳಿಸಿದ ಹಾಗೆ ಆಗುವುದಿಲ್ಲ. ಒಬ್ಬರನ್ನು ನೆನೆದು ಒಂದೇ ಸಾಲು ಬರೆಯಿರಿ. 'ಇವತ್ತು ನಿಮ್ಮ ಮಗನ ಪರೀಕ್ಷೆ ಅಲ್ವಾ, ಪ್ರಾರ್ಥನೆಯಲ್ಲಿ ನೆನೆದೆ.' ಅದು ಅವರ ಮನಸ್ಸಿಗೆ ಹೋಗುತ್ತದೆ.

ಕೇಳುವ ರೀತಿಯೂ ಹಾಗೇ. 'ಹೇಗಿದ್ದೀರಾ' ಅಂದರೆ 'ಚೆನ್ನಾಗಿದ್ದೇನೆ' ಅಂತಲೇ ಬರುತ್ತದೆ, ಬೇರೆ ಉತ್ತರಕ್ಕೆ ಅಲ್ಲಿ ಜಾಗವೇ ಇಲ್ಲ. 'ಹೋದ ಸಲ ಬೋರ್‌ವೆಲ್ ಕೊರೆಸ್ತೀವಿ ಅಂದಿದ್ರಿ, ನೀರು ಸಿಕ್ತಾ?' ಅಂತ ಕೇಳಿ ನೋಡಿ. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಆ ಒಂದು ಪ್ರಶ್ನೆಯಲ್ಲಿ ಸಾಲ, ಬೆಳೆ, ಮನೆ ಚಿಂತೆ ಎಲ್ಲ ಹೊರಗೆ ಬರುತ್ತದೆ. ಸಾವಿರ ಅಡಿ ಕೊರೆಸಿ ಬರೀ ಧೂಳು ಬಂದವನಿಗೆ ಭಾನುವಾರ ಯಾವ ಹಾಡು ಹಾಡಲು ಮನಸ್ಸು ಬರುತ್ತದೆ ಹೇಳಿ. ಯೇಸು ಸತ್ತ ದುಃಖದಲ್ಲಿ ಎಮ್ಮಾಹು ಅನ್ನುವ ಊರಿಗೆ ಹೋಗುತ್ತಿದ್ದ ಇಬ್ಬರು ಶಿಷ್ಯರ ಜೊತೆ ಎದ್ದು ಬಂದ ಕರ್ತನು ನಡೆದದ್ದು ನೆನಪಿಸಿಕೊಳ್ಳಿ. ಆತನಿಗೆ ಎಲ್ಲ ಗೊತ್ತಿತ್ತು. ಆದರೂ 'ಏನು ಮಾತಾಡಿಕೊಂಡು ಹೋಗುತ್ತಿದ್ದೀರಿ' ಅಂತ ಕೇಳಿದ. ಅವರು ತಮ್ಮ ನಿರಾಶೆಯೆಲ್ಲ ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡ. ಶಾಸ್ತ್ರ ವಿವರಿಸಿದ್ದು ಆಮೇಲೆ.

ನೇರ ಮಾತು:
ಎಲ್ಲ ಸರಿ ಮೇಡಂ. ಆದರೆ ಇಲ್ಲಿ ಎಲ್ಲರೂ ಬರೀ ಸಮಾಧಾನ ಹೇಳುವುದನ್ನೇ ಮಾತಾಡುತ್ತಿದ್ದೀರಿ. ಕುಡಿಯುವವನಿಗೆ, ಹೆಂಡತಿಗೆ ಹೊಡೆಯುವವನಿಗೆ ಏನು ಹೇಳುತ್ತೀರಿ? ಬೆನ್ನು ತಟ್ಟುತ್ತೀರಾ? ಸ್ನೇಹಿತ ಮಾಡಿದ ಗಾಯ ನಂಬಿಕೆಯದ್ದು ಅಂತ ಜ್ಞಾನೋಕ್ತಿ 27:6ರಲ್ಲಿದೆ. ಹೊಗಳುವುದು ಪ್ರೋತ್ಸಾಹ ಅಲ್ಲ. ತಪ್ಪು ಕಂಡರೆ ಮುಖಕ್ಕೆ ಹೇಳುವವನೇ ನಿಜವಾದ ಸಹೋದರ.

ಚಿಂತಾಮಣಿ ಟೀಚರ್:
ಹೆಂಡತಿಗೆ ಹೊಡೆಯುವವನ ವಿಷಯದಲ್ಲಿ ಮೊದಲು ಆ ಹೆಂಗಸನ್ನು, ಮಕ್ಕಳನ್ನು ಕಾಪಾಡಬೇಕು. ಅದರಲ್ಲಿ ಎರಡು ಮಾತಿಲ್ಲ. 'ತಾಳಿಕೊಳ್ಳಮ್ಮ, ಪ್ರಾರ್ಥನೆ ಮಾಡು' ಅಂತ ವಾಪಸ್ ಕಳಿಸುವುದನ್ನು ಧೈರ್ಯ ಹೇಳುವುದು ಅಂತ ಕರೆಯಬಾರದು.

ಉಳಿದದ್ದಕ್ಕೆ ಹೇಳುತ್ತೇನೆ. ನೀವು ಹೇಳಿದ ವಚನದಲ್ಲೇ 'ಸ್ನೇಹಿತ' ಅಂತ ಇದೆಯಲ್ಲ ಸರ್. ಮನೆಗೆ ಯಾವತ್ತೂ ಹೋಗದವರು, ಅವರ ಮಕ್ಕಳ ಹೆಸರು ಗೊತ್ತಿಲ್ಲದವರು ಒಂದು ದಿನ ಇದ್ದಕ್ಕಿದ್ದ ಹಾಗೆ ತಪ್ಪು ತೋರಿಸಲು ಹೋದರೆ ಯಾರು ಕೇಳುತ್ತಾರೆ?

ರಾಬರ್ಟ್‌ಸನ್‌ಪೇಟೆ:
ನಾನು ಕ್ಯಾಥೊಲಿಕ್. ಬಾರ್ನಬನ ವಿಷಯ ಯಾರೂ ಎತ್ತಲಿಲ್ಲ ಅಂತ ಬರೆಯುತ್ತಿದ್ದೇನೆ. ಮೊದಲು ವಿಶ್ವಾಸಿಗಳನ್ನು ಹಿಂಸಿಸುತ್ತಿದ್ದ ಸೌಲನನ್ನು (ಇವನೇ ಪೌಲ) ಜೆರುಸಲೇಮಿನಲ್ಲಿ ಯಾರೂ ನಂಬಲಿಲ್ಲ, ಎಲ್ಲರಿಗೂ ಭಯ. ಕೈಹಿಡಿದು ಪ್ರೇಷಿತರ (ಅಪೊಸ್ತಲರ) ಹತ್ತಿರ ಕರೆದುಕೊಂಡು ಹೋದದ್ದು ಬಾರ್ನಬ. ಆಮೇಲೆ ತಾರ್ಸಕ್ಕೆ ಹೋಗಿ ಹುಡುಕಿ ಕರೆತಂದದ್ದೂ ಅವನೇ. ಅಂತಿಯೋಕ್ಯಕ್ಕೆ ಹೋದಾಗ ಅಲ್ಲಿ ಹೊಸ ಹೊಸ ಜನ, ಬೇರೆ ಭಾಷೆ, ಬೇರೆ ರೀತಿ. ತಪ್ಪು ಹುಡುಕಲು ಬೇಕಾದಷ್ಟು ಇದ್ದಿರಬೇಕು. ಅವನು ಮೊದಲು ಅವರಲ್ಲಿ ದೇವರ ಕೃಪೆ ಕಂಡು ಸಂತೋಷಪಟ್ಟ, ಆಮೇಲೆ ಬುದ್ಧಿ ಹೇಳಿದ. ಪ್ರೇಷಿತರ ಕಾರ್ಯಗಳು 11:23. @ನೇರ ಮಾತು, ಈ ಕ್ರಮ ನೋಡಿ ಸರ್.

ಹೊಗಳುವುದು ಬೇರೆ, ಇದು ಬೇರೆ. 'ನೀವು ಚೆನ್ನಾಗಿ ಹಾಡ್ತೀರಾ' ಅನ್ನುವುದು ಹೊಗಳಿಕೆ. 'ಹೋದ ವರ್ಷ ನಿಮ್ಮ ತಮ್ಮನ ಜೊತೆ ಮಾತೇ ಇರಲಿಲ್ಲ, ಈಗ ನೀವೇ ಹೋಗಿ ಮಾತಾಡಿದ್ರಿ, ಅದು ದೇವರು ನಿಮ್ಮೊಳಗೆ ಮಾಡಿದ ಕೆಲಸ' ಅನ್ನುವುದು ಪ್ರೋತ್ಸಾಹ. ತನ್ನೊಳಗೆ ಏನಾಗುತ್ತಿದೆ ಅಂತ ಮನುಷ್ಯನಿಗೆ ತಾನಾಗಿ ಕಾಣುವುದಿಲ್ಲ, ಜೊತೆಯಲ್ಲಿರುವವರು ಹೇಳಬೇಕು.

ನೇರ ಮಾತು:
ಬಾರ್ನಬ ತನ್ನ ತಮ್ಮ ಮಾರ್ಕನಿಗೋಸ್ಕರ ಪೌಲನ ಜೊತೆಯೇ ಜಗಳ ಮಾಡಿಕೊಂಡು ಬೇರೆಯಾದನಲ್ಲ. ಅದೂ ಹೇಳಿ.

ಗುಬ್ಬಿ ಹಳೇ ಪುಟ:
ಸ್ವಂತ ತಮ್ಮ ಅಲ್ಲ, ಸೋದರ ಸಂಬಂಧಿ. ಕೊಲೊಸ್ಸೆ 4:10 ನೋಡಿ.

ರಾಬರ್ಟ್‌ಸನ್‌ಪೇಟೆ:
ಜಗಳ ಆಯಿತು, ನಿಜ. ಹಿಂದೆ ಪಂಫುಲ್ಯದಲ್ಲಿ ತಮ್ಮನ್ನು ಬಿಟ್ಟು ಹೋದ ಮಾರ್ಕನನ್ನು ಮತ್ತೆ ಕರೆದುಕೊಂಡು ಹೋಗುವುದು ಬೇಡ ಅಂತ ಪೌಲ, ಬೇಕು ಅಂತ ಬಾರ್ನಬ. ಮುಂದೆ ಅದೇ ಪೌಲ ಜೈಲಿನಿಂದ 'ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ನನಗೆ ಬೇಕು' ಅಂತ ತಿಮೊಥೆಗೆ ಬರೆಯುತ್ತಾನೆ. ಎಡವಿದ ಹುಡುಗನ ಜೊತೆ ಒಬ್ಬರು ನಿಂತರು, ಅವನು ಉಳಿದ. ನಮ್ಮ ನೈಟ್ ಶಿಫ್ಟ್ ತಮ್ಮನಿಗೆ 'ನಿದ್ದೆ ಮಾಡಕ್ಕೆ ಬರ್ತೀಯಾ' ಅಂದವರ ಜಾಗದಲ್ಲಿ ಬಾರ್ನಬ ಇದ್ದಿದ್ದರೆ ಏನು ಮಾಡುತ್ತಿದ್ದ ಅಂತ ಯೋಚನೆ ಮಾಡಿ.

ನೇರ ಮಾತು:
ಅದನ್ನು ಒಪ್ಪುತ್ತೇನೆ. ರಾತ್ರಿಯೆಲ್ಲ ದುಡಿದು ಬಂದ ಹುಡುಗನಿಗೆ ಹಾಗೆ ಅನ್ನಬಾರದಿತ್ತು. ಆದರೂ ಮುಖಕ್ಕೆ ಹೇಳುವವರು ಬೇಕು ಅನ್ನುವುದನ್ನು ಬಿಡುವುದಿಲ್ಲ.

ಶಿಡ್ಲಘಟ್ಟ:
ಹೊಸದಾಗಿ ಬಂದವರ ವಿಷಯ ಯಾರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ನಾನೊಬ್ಬನೇ ವಿಶ್ವಾಸಿ. ತಾತ ಮುತ್ತಾತನ ಕಾಲದಿಂದ ಸಭೆಯಲ್ಲಿರುವವರಿಗೆ ನೆಂಟರೇ ಸಭೆ, ಸಭೆಯೇ ನೆಂಟರು. ಕ್ರಿಸ್‌ಮಸ್ ದಿನ ಆರಾಧನೆ ಮುಗಿಸಿ ಎಲ್ಲರೂ ಅವರವರ ಮನೆಗೆ ಊಟಕ್ಕೆ ಹೋಗುತ್ತಾರೆ. ನಾನು ಬಸ್‌ ಹತ್ತಿ ಮನೆಗೆ ಬಂದರೆ ಅಲ್ಲಿ ಅದು ಎಲ್ಲ ದಿನದ ಹಾಗೆ ಒಂದು ದಿನ. ಒಂದು ವರ್ಷ ಒಬ್ಬ ಅಂಕಲ್ ಗೇಟಿನ ಹತ್ತಿರ ಹಿಡಿದು ನಿಲ್ಲಿಸಿ 'ಎಲ್ಲಿಗೆ ಹೋಗ್ತೀಯಾ, ನಡಿ ಮನೆಗೆ' ಅಂದರು. ಈಗ ಪ್ರತಿ ವರ್ಷ ಅಲ್ಲೇ ಊಟ. ನಾನು ಇವತ್ತಿಗೂ ಸಭೆಯಲ್ಲಿದ್ದೇನೆ ಅಂದರೆ ಆ ಮನೆಯಿಂದ.

ತಿಪಟೂರು ಕಾಯಿ:
ಇದು ಬಹಳ ನಿಜ. ಸಭೆಯ ಸುಗ್ಗಿ ಹಬ್ಬದಲ್ಲಿ ಕಾಣಿಕೆಗೆ ಬಂದದ್ದನ್ನು ಹರಾಜು ಹಾಕುವಾಗ ಒಂದು ತೆಂಗಿನಕಾಯಿಗೆ ಸಾವಿರಗಟ್ಟಲೆ ಕೂಗುತ್ತೇವೆ. ಹೊಸಬರನ್ನು ಊಟಕ್ಕೆ ಕರೆಯಲು ಅದರಲ್ಲಿ ಕಾಲು ಭಾಗವೂ ಬೇಡ.

ಗುಬ್ಬಿ ಹಳೇ ಪುಟ:
ಹರಾಜಿನ ದುಡ್ಡು ಸಭೆಯ ಕೆಲಸಕ್ಕೆ ಹೋಗುತ್ತದೆ ಸರ್, ಅದನ್ನು ಇದಕ್ಕೆ ಸೇರಿಸಬೇಡಿ.

ತಿಪಟೂರು ಕಾಯಿ:
ಹರಾಜು ಬೇಡ ಅನ್ನಲಿಲ್ಲ. ಎರಡೂ ಮಾಡೋಣ ಅಂದೆ. ನಮ್ಮಲ್ಲಿ ಹರಾಜಿನ ದಿನವೇ ಜನ ಜಾಸ್ತಿ ಹೊತ್ತು ಇರುತ್ತಾರೆ, ನಗುತ್ತಾರೆ, ಅವತ್ತು ಮಾತು ಬೆಳೆಸುವುದು ಸುಲಭ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತರಿಸಿ ಒಟ್ಟಿಗೆ ಕೂತು ತಿಂದರೂ ಆಯಿತು. ಊಟದ ಮುಂದೆ ಗಂಡಸರ ನಾಲಗೆ ಬೇಗ ಸಡಿಲವಾಗುತ್ತದೆ.

ನಿವೃತ್ತ ಸಿಸ್ಟರ್:
ಗಂಡಸರ ವಿಷಯ ಬಂದದ್ದು ಒಳ್ಳೆಯದಾಯಿತು. ಹೆಂಗಸರಿಗೆ ಸ್ತ್ರೀಯರ ಕೂಟ ಇದೆ. ಚಾಡಿಯೂ ಇರಬಹುದು, ಆದರೂ ಅಳಲು ಒಂದು ಜಾಗ ಇದೆ. ಗಂಡಸರಿಗೆ ಏನೂ ಇಲ್ಲ. ಸಾಲ, ಕೆಲಸ ಹೋದದ್ದು, ಮಗ ಮಾತು ಕೇಳದಿರುವುದು ಎಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡು ಕೊನೆಗೆ ಎದೆನೋವು ಅಂತ ಆಸ್ಪತ್ರೆಗೆ ಬರುತ್ತಾರೆ. ಹೆಂಡತಿಗೂ ಹೇಳಿರುವುದಿಲ್ಲ. ನಿಮ್ಮ ಕ್ವಯರ್ ಸಹೋದರರದ್ದೂ ಹೀಗೇ ಆಗಿರಬೇಕು.

ಮನಸ್ಸು ಬಹಳ ಕುಗ್ಗಿ, ನಿದ್ದೆ ಊಟ ಬಿಟ್ಟು, ಬದುಕು ಬೇಡ ಅಂತ ಯಾರಾದರೂ ಹೇಳಿದರೆ ಮಾತು, ಪ್ರಾರ್ಥನೆ ಜೊತೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ನಂಬರ್ 14416 ಇದೆ, ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಅದು ನಂಬಿಕೆ ಕಡಿಮೆ ಆದ ಗುರುತಲ್ಲ.

ಶಿರಾ ಗೇಟ್:
ಎಲ್ಲರ ಮಾತೂ ಓದಿದೆ. ಆ ಕ್ವಯರ್ ಸಹೋದರರ ನಂಬರ್ ಹುಡುಕಿ ನಿನ್ನೆ ರಾತ್ರಿ ಫೋನ್ ಮಾಡಿದೆ. ಸಾಲದ ವಿಷಯ ಎತ್ತಲಿಲ್ಲ. 'ನಿಮ್ಮ ದನಿ ಇಲ್ಲದೆ ಬೇಸ್ ಸೆಕ್ಷನ್ ಖಾಲಿ ಇದೆ, ನಿಮ್ಮನ್ನು ನೆನೆಯುತ್ತಿರುತ್ತೇವೆ' ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಬಹಳ ಹೊತ್ತು ಮಾತಾಡಿದರು. ಮಾತಾಡಿದ್ದು ಅವರ ಮತ್ತು ನನ್ನ ನಡುವೆ ಇರಲಿ. ಬರುವ ವಾರ ನಾನೂ ಇನ್ನೊಬ್ಬರೂ ಬೆಂಗಳೂರಿಗೆ ಹೋಗಿ ಅವರನ್ನು ನೋಡಿ ಬರುತ್ತೇವೆ.

ಗಂಡಸರಿಗೆ ಚಿಕ್ಕ ಕೂಟ ಶುರು ಮಾಡುವ ವಿಷಯ ಅಯ್ಯನವರ ಹತ್ತಿರ ಮಾತಾಡಿದೆ. ಅವರಿಗೆ ಖುಷಿಯಾಯಿತು. ನಾಲ್ಕೈದು ಜನ ಸಾಕು, ಪ್ರಸಂಗ ಇಲ್ಲ, ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು ಅನ್ನುವುದು ಮೊದಲ ನಿಯಮ. ಬಂಗಾರಪೇಟೆ ಅಮ್ಮನ ಮಾತು ಓದಿಯೇ ಅದನ್ನು ಇಟ್ಟದ್ದು. ಶನಿವಾರ ಸಂಜೆ ಇಡೋಣವಾ ಅಂತ ಯೋಚನೆ.

ಗುಬ್ಬಿ ಹಳೇ ಪುಟ:
ತುಂಬ ಒಳ್ಳೆಯದು. ಯಾರ ಮನೆಯಲ್ಲಿ?

ಶಿರಾ ಗೇಟ್:
ಮೊದಲು ನಮ್ಮ ಮನೆಯಲ್ಲಿ. ಆಮೇಲೆ ಸರದಿ.

ಬಂಗಾರಪೇಟೆ ಅಮ್ಮ:
ಸರದಿ ಇಟ್ಟರೆ ಕಾಫಿ ಬಿಸ್ಕೆಟ್ ಅಷ್ಟೇ ಅಂತ ಈಗಲೇ ಹೇಳಿಬಿಡಿ. ಒಬ್ಬರು ವಡೆ ಪಾಯಸ ಮಾಡಿದರೆ ಬಡವರ ಮನೆಯವರು ಸರದಿ ಬಂದಾಗ ಹಿಂದೆ ಸರಿಯುತ್ತಾರೆ.

ಚಿಂತಾಮಣಿ ಟೀಚರ್:
ಅಕ್ಕ ಹೇಳಿದ್ದು ಬಹಳ ಮುಖ್ಯ.

ಮಾರಿಕುಪ್ಪಂ ಲೋಕಲ್:
ಶನಿವಾರ ಸಂಜೆ ಅಂದರೆ ಬೆಂಗಳೂರಿಗೆ ಹೋಗುವವರು ಅಷ್ಟೊತ್ತಿಗೆ ವಾಪಸ್ ಬಂದಿರುವುದಿಲ್ಲ, ಸಾಲದ್ದಕ್ಕೆ ಶಿಫ್ಟ್ ಹುಡುಗರಿಗೂ ಆಗುವುದಿಲ್ಲ. ಭಾನುವಾರ ಆರಾಧನೆ ಆದ ಮೇಲೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ ಸರ್. ಹೇಗಿದ್ದರೂ ಬೈಕ್ ಹತ್ತಿರ ಅಷ್ಟು ಹೊತ್ತು ನಿಲ್ಲುತ್ತೀರಲ್ಲ.

ಶಿರಾ ಗೇಟ್:
ಹೌದು, ಇದು ಹೊಳೆದಿರಲಿಲ್ಲ. ಭಾನುವಾರಕ್ಕೇ ಮಾಡೋಣ. ಸಂಡೇ ಸ್ಕೂಲ್ ರೂಮ್ ಆ ಹೊತ್ತಿಗೆ ಖಾಲಿ ಇರುತ್ತದಾ ಅಂತ ಕೇಳಿ ಹೇಳುತ್ತೇನೆ.

ನೇರ ಮಾತು:
ನಾನೂ ತುಮಕೂರೇ. ಬರಬಹುದಾ?

ಶಿರಾ ಗೇಟ್:
ಖಂಡಿತ ಬನ್ನಿ ಸರ್. ಅಡ್ರೆಸ್ ಮೆಸೇಜ್ ಮಾಡುತ್ತೇನೆ.